ಕೇಳದೆ ತಿದ್ದುವ ತಂತ್ರಾಂಶ: ಕಾಣುವ ತಪ್ಪು ಕಾಣದ ತಪ್ಪಾಗುವ ಬಗೆ

ಪದಸಂಸ್ಕರಣ ತಂತ್ರಾಂಶಗಳು ಕಾಗುಣಿತದ ವಿಷಯದಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆ. ಪರಿಚಯವಿಲ್ಲದ ಪದದ ಕೆಳಗೆ ಕೆಂಪು ಅಲೆಗೆರೆ ಎಳೆದು ಬರೆಯುವವರ ಗಮನ ಸೆಳೆಯುವುದು ಒಂದು. ಆ ಪದವನ್ನು ಯಾರನ್ನೂ ಕೇಳದೆ ಅಳಿಸಿ, ಅದರ ಜಾಗದಲ್ಲಿ ಬೇರೊಂದನ್ನು ಕೂರಿಸುವುದು ಇನ್ನೊಂದು. ಮಾತಿನಲ್ಲಿ ಎರಡನ್ನೂ 'ಸ್ಪೆಲ್ ಚೆಕ್' ಎಂದೇ ಕರೆದುಬಿಡುವ ರೂಢಿ ಇರುವುದರಿಂದ ಅವುಗಳ ನಡುವಿನ ಅಂತರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೊದಲನೆಯದರಲ್ಲಿ ತೀರ್ಮಾನ ಬರೆಯುವವರ ಕೈಯಲ್ಲಿ ಉಳಿಯುತ್ತದೆ. ಎರಡನೆಯದರಲ್ಲಿ ತೀರ್ಮಾನ ತಂತ್ರಾಂಶದ್ದು, ಅದರ ಹೊಣೆ ಮಾತ್ರ ಬರೆದವರದ್ದು. ಕಚೇರಿಯ ಪತ್ರ, ನ್ಯಾಯಾಲಯದ ದಾಖಲೆ, ಸಂಶೋಧನಾ ಪ್ರಬಂಧ, ವೈದ್ಯಕೀಯ ವರದಿ ಎಲ್ಲವೂ ಇದೇ ತಂತ್ರಾಂಶಗಳ ಮೂಲಕ ಹಾದುಬರುವ ಈ ಕಾಲದಲ್ಲಿ, ಈ ಅಧಿಕಾರ ಯಾರಿಗೆ, ಎಷ್ಟರ ಮಟ್ಟಿಗೆ ಇರಬೇಕು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಗಣಕವು ಕಾಗುಣಿತ ನೋಡಲು ಆರಂಭಿಸಿದಾಗ ತಿದ್ದುವ ಅಧಿಕಾರ ಅದಕ್ಕಿರಲಿಲ್ಲ. ಅಮೆರಿಕದ ಲೆಸ್ ಅರ್ನೆಸ್ಟ್ 1960ರ ಆಸುಪಾಸಿನಲ್ಲಿ ಎಂಐಟಿಯಲ್ಲಿ ಕೈಬರಹ ಗುರುತಿಸುವ ಪ್ರೋಗ್ರಾಮ್ ರೂಪಿಸುವಾಗ 10,000 ಪದಗಳ ಪಟ್ಟಿಯೊಂದನ್ನು ಬಳಸಿದ್ದರು. 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಲ್ಫ್ ಗೊರಿನ್ ಬರೆದ 'ಸ್ಪೆಲ್' ಎಂಬ ಪ್ರೋಗ್ರಾಮ್ ಪಟ್ಟಿಯಲ್ಲಿಲ್ಲದ ಪದಗಳನ್ನು ಹುಡುಕಿ, ಒಂದಕ್ಷರದಷ್ಟು ವ್ಯತ್ಯಾಸವಿರುವ ಪದಗಳನ್ನು ಸಲಹೆಯಾಗಿ ಮುಂದಿಡುತ್ತಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ 1975ರಲ್ಲಿ ಸ್ಟೀವ್ ಜಾನ್ಸನ್ ಆರಂಭಿಸಿ, ಬಳಿಕ ಡಗ್ ಮೆಕಿಲ್ರಾಯ್ ಸುಧಾರಿಸಿದ ಯುನಿಕ್ಸ್ ಪ್ರೋಗ್ರಾಮ್ ಇನ್ನೂ ಮಿತಭಾಷಿ: ಸುಮಾರು 30,000 ಪದಗಳ ಪಟ್ಟಿಯನ್ನು ಅತಿ ಕಡಿಮೆ ಸ್ಮರಣೆಯೊಳಗೆ ಅಡಕಗೊಳಿಸಿಕೊಂಡಿದ್ದ ಅದು ಅನುಮಾನದ ಪದಗಳನ್ನು ಒಂದರ ಕೆಳಗೊಂದು ಮುದ್ರಿಸಿ ಸುಮ್ಮನಾಗುತ್ತಿತ್ತು. ಮುಂದಿನ ಕೆಲಸ ಮನುಷ್ಯರದ್ದು.

ಈ ಏರ್ಪಾಡು ಬದಲಾದದ್ದು 1993ರಲ್ಲಿ, ಮೈಕ್ರೋಸಾಫ್ಟ್ ವರ್ಡ್‌ನ ಆರನೆಯ ಆವೃತ್ತಿಯೊಂದಿಗೆ. ಅಲ್ಲಿ ಕೆಲಸ ಮಾಡುತ್ತಿದ್ದ ಡೀನ್ ಹಚಮೊವಿಚ್, ಚುಟುಕು ಸಂಕೇತವೊಂದನ್ನು ಬರೆದು ಕೀಲಿ ಒತ್ತಿದರೆ ಪೂರ್ಣ ಪಠ್ಯ ಮೂಡುವ ಹಳೆಯ ಸೌಲಭ್ಯವೊಂದನ್ನು ಗಮನಿಸಿದರು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ 'ದಿ' ಎಂಬ ಪದದ ಕೊನೆಯ ಎರಡಕ್ಷರಗಳು ಬೆರಳಿನ ಆತುರದಲ್ಲಿ ಹಿಂದುಮುಂದಾಗುವುದನ್ನು ಈ ಸೌಲಭ್ಯದಿಂದಲೇ ಸರಿಪಡಿಸಬಹುದು ಎಂದು ಅವರು ಕಂಡುಕೊಂಡರು. ಎರಡು ಪದಗಳ ನಡುವೆ ಸ್ಪೇಸ್ ಬಾರ್ ಒತ್ತುವುದು ಹೇಗೂ ತಪ್ಪದ ಕ್ರಿಯೆ. ಆ ಒತ್ತುವಿಕೆಯನ್ನೇ ತಿದ್ದುಪಡಿಯ ಸೂಚನೆ ಎಂದು ಭಾವಿಸಿದರೆ ಬರೆಯುವವರು ಬೇರೇನನ್ನೂ ಮಾಡಬೇಕಿಲ್ಲ. ಆಟೋಕರೆಕ್ಟ್‌ನ ಮೂಲ ಉಪಾಯ ಇಷ್ಟೇ. ಕೆಂಪು ಅಲೆಗೆರೆ ಬಂದದ್ದು ಅದಾದ ಮೇಲೆ, 1995ರ ಆವೃತ್ತಿಯಲ್ಲಿ. ಗುರುತು ಹಾಕುವ ಈ ಸೌಮ್ಯವಾದ ವಿಧಾನಕ್ಕಿಂತ ಮೊದಲೇ ತಾನಾಗಿ ತಿದ್ದುವ ವಿಧಾನ ಮನೆಮಾತಾಗಿತ್ತು.

ಆಟೋಕರೆಕ್ಟ್‌ನ ಮೊದಲ ತಿದ್ದುಪಡಿ ಪಟ್ಟಿಗಳು ನಿರುಪದ್ರವಿಯಾಗಿದ್ದುದಕ್ಕೆ ಕಾರಣವಿದೆ. ಅವುಗಳಲ್ಲಿದ್ದದ್ದು ಬೇರೆ ಯಾವ ಅರ್ಥವೂ ಇಲ್ಲದ, ಒಂದೇ ಒಂದು ಪದವಾಗಿ ತಿದ್ದಬಹುದಾದ ತಪ್ಪುರೂಪಗಳು. ಅಕ್ಷರ ಪಲ್ಲಟವಾದ ಆ 'ದಿ'ಗೆ ಇನ್ನೊಂದು ಅರ್ಥ ಬರಲಾರದು. ತೊಂದರೆ ಶುರುವಾಗುವುದು ತಂತ್ರಾಂಶವು ಸಿದ್ಧ ಪಟ್ಟಿಯನ್ನು ದಾಟಿ ಊಹೆಗೆ ಇಳಿದಾಗ. ಆ ಊಹೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅದರ ಮಿತಿಯೂ ತಾನಾಗಿ ತಿಳಿಯುತ್ತದೆ.

ಐಬಿಎಂನ ಫ್ರೆಡ್ ಡ್ಯಾಮೆರೊ 1964ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಅಡಿಪಾಯ. ತಾನು ಪರೀಕ್ಷಿಸಿದ ತಪ್ಪುಗಳಲ್ಲಿ ಶೇ 80ಕ್ಕೂ ಹೆಚ್ಚಿನವು ನಾಲ್ಕು ಬಗೆಗಳಲ್ಲಿ ಒಂದಕ್ಕೆ ಸೇರಿದ ಒಂದೇ ಒಂದು ಎಡವಟ್ಟಿನಿಂದ ಆದವು ಎಂದು ಅವರು ತೋರಿಸಿದರು: ಒಂದಕ್ಷರ ಹೆಚ್ಚಾಗಿರುತ್ತದೆ, ಒಂದಕ್ಷರ ಬಿಟ್ಟುಹೋಗಿರುತ್ತದೆ, ಒಂದರ ಬದಲು ಇನ್ನೊಂದು ಬಿದ್ದಿರುತ್ತದೆ, ಅಥವಾ ಅಕ್ಕಪಕ್ಕದ ಎರಡು ಅಕ್ಷರಗಳು ಸ್ಥಾನ ಬದಲಿಸಿರುತ್ತವೆ. ಮರುವರ್ಷ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್, ಸಂಕೇತಗಳ ರವಾನೆಯ ಸಂದರ್ಭದಲ್ಲಿ, ಎರಡು ಸಾಲುಗಳ ನಡುವಿನ 'ದೂರ'ವನ್ನು ಇಂಥ ಬದಲಾವಣೆಗಳ ಎಣಿಕೆಯಿಂದ ಅಳೆಯುವ ಕ್ರಮವನ್ನು ಕೊಟ್ಟರು. ಇಂಗ್ಲಿಷಿನ 26 ಅಕ್ಷರಗಳನ್ನೇ ಲೆಕ್ಕಕ್ಕೆ ಹಿಡಿದರೆ, ಒಂಬತ್ತು ಅಕ್ಷರಗಳ ಒಂದು ಪದವನ್ನು ಒಂದು ಹೆಜ್ಜೆಯಷ್ಟು ಕದಲಿಸುವುದಕ್ಕೆ 9 ಲೋಪ, 8 ಪಲ್ಲಟ, 234 ಬದಲಿ ಮತ್ತು 260 ಸೇರ್ಪಡೆ, ಒಟ್ಟು 511 ದಾರಿಗಳಿವೆ. ಅವುಗಳಲ್ಲಿ ನಿಘಂಟಿನಲ್ಲಿರುವ ಪದಗಳನ್ನು ಮಾತ್ರ ಉಳಿಸಿಕೊಂಡರೆ ಅಭ್ಯರ್ಥಿಗಳ ಪಟ್ಟಿ ಬೆರಳೆಣಿಕೆಗೆ ಇಳಿಯುತ್ತದೆ. ಗಣಕಕ್ಕೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ.

ಕಷ್ಟ ಇರುವುದು ಉಳಿದ ಅಭ್ಯರ್ಥಿಗಳಲ್ಲಿ ಒಂದನ್ನು ಆಯುವಲ್ಲಿ. ಬೆಲ್ ಲ್ಯಾಬ್ಸ್‌ನ ಮಾರ್ಕ್ ಕರ್ನಿಗನ್, ಕೆನೆತ್ ಚರ್ಚ್ ಮತ್ತು ವಿಲಿಯಂ ಗೇಲ್ 1990ರಲ್ಲಿ ಇದಕ್ಕೆ ಸಂಭವನೀಯತೆಯ ಗಣಿತವನ್ನು ಹಚ್ಚಿದರು. ಪ್ರತಿಯೊಂದು ಅಭ್ಯರ್ಥಿಗೂ ಎರಡು ಪ್ರಶ್ನೆ: ಈ ಪದ ಬರಹದಲ್ಲಿ ಎಷ್ಟು ಸಾಮಾನ್ಯವಾಗಿ ಬರುತ್ತದೆ, ಮತ್ತು ಈ ಪದವನ್ನು ಬರೆಯಹೊರಟವರ ಬೆರಳು ಜಾರಿ ಈ ನಿರ್ದಿಷ್ಟ ತಪ್ಪು ಆಗುವ ಸಾಧ್ಯತೆ ಎಷ್ಟು. ಎರಡನ್ನೂ ಗುಣಿಸಿದಾಗ ಯಾವುದರ ಗುಣಲಬ್ಧ ದೊಡ್ಡದೋ ಅದೇ ಉತ್ತರ. ಆ ಪ್ರಬಂಧದ ಒಂದು ಉದಾಹರಣೆ ಈಗಲೂ ಪಾಠವಾಗಬಲ್ಲದು. ಇಂಗ್ಲಿಷಿನ 'ಆ್ಯಕ್ಟ್ರೆಸ್', ಅಂದರೆ ನಟಿ ಎಂಬ ಪದದಿಂದ 'ಟಿ' ಅಕ್ಷರ ಬಿಟ್ಟುಹೋದರೆ ಉಳಿಯುವ ಆರಕ್ಷರಗಳ ರೂಪಕ್ಕೆ ಅರ್ಥವಿಲ್ಲ. ಅದನ್ನು ಪ್ರೋಗ್ರಾಮಿಗೆ ಕೊಟ್ಟಾಗ ಅದು 'ಎಕರೆಗಳು' ಎಂಬರ್ಥದ ಪದಕ್ಕೆ ಶೇ 45, 'ನಟಿ'ಗೆ ಶೇ 37, 'ಅಡ್ಡಲಾಗಿ' ಎಂಬರ್ಥದ 'ಅಕ್ರಾಸ್'ಗೆ ಶೇ 18ರಷ್ಟು ಸಾಧ್ಯತೆ ಕೊಟ್ಟಿತು. ಗಣಿತದ ದೃಷ್ಟಿಯಿಂದ ಮೊದಲ ಸ್ಥಾನ ಎಕರೆಗಳದ್ದು. ಬರೆದವರ ಮನಸ್ಸಿನಲ್ಲಿದ್ದದ್ದು ನಟಿ.

ಈ ಅಂಕಿಗಳನ್ನು ತುಸು ನಿಂತು ನೋಡಬೇಕು. ಶೇ 45ರಷ್ಟು ಸಾಧ್ಯತೆ ಇರುವ ಉತ್ತರ ಇದ್ದುದರಲ್ಲಿ ಅತ್ಯುತ್ತಮ ಊಹೆ ಎಂಬುದು ನಿಜ. ಆದರೆ ಅದು ತಪ್ಪಾಗಿರುವ ಸಾಧ್ಯತೆ ಶೇ 55 ಎಂಬುದೂ ಅಷ್ಟೇ ನಿಜ. ಪಟ್ಟಿಯ ಮೇಲ್ತುದಿಯಲ್ಲಿಟ್ಟು 'ಇದೇ ಇರಬಹುದೇ' ಎಂದು ಕೇಳುವುದಕ್ಕೆ ಈ ಊಹೆ ಧಾರಾಳವಾಗಿ ಸಾಕು. ಕೇಳದೆ ಬದಲಾಯಿಸುವುದಕ್ಕೆ ಏನೇನೂ ಸಾಲದು. ಸಲಹೆಗೆ ಬೇಕಾದ ನಂಬಿಕೆಯ ಮಟ್ಟ ಮತ್ತು ಕ್ರಮಕ್ಕೆ ಬೇಕಾದ ನಂಬಿಕೆಯ ಮಟ್ಟ ಒಂದೇ ಅಲ್ಲ ಎಂಬ ಈ ಸರಳ ವಿವೇಕವನ್ನು ಬಳಕೆಯಲ್ಲಿರುವ ಎಷ್ಟೋ ತಂತ್ರಾಂಶಗಳು ಗಾಳಿಗೆ ತೂರಿವೆ. ಸಲಹೆಗಳ ಪಟ್ಟಿಯಲ್ಲಿ ಮೊದಲು ಬಂದದ್ದನ್ನೇ ತಾನಾಗಿ ಬಳಸಿಕೊಳ್ಳುವ ಆಯ್ಕೆಯೊಂದು ವರ್ಡ್‌ನ ಆಟೋಕರೆಕ್ಟ್ ಕಿಟಕಿಯಲ್ಲೇ ಇದೆ. ಅದಕ್ಕೆ ಗುರುತು ಬಿದ್ದಿದೆಯೇ ಇಲ್ಲವೇ ಎಂದು ತೆರೆದು ನೋಡಿದವರು ವಿರಳ.

ತಿದ್ದುಪಡಿ ತಪ್ಪಾದಾಗ ಆಗುವ ಹಾನಿ ಎಂಥದ್ದು ಎಂಬುದು ಈ ಚರ್ಚೆಯ ತಿರುಳು. 'ನದಿಯ ಬಳಿ' ಎಂದು ಬರೆಯುವಾಗ ಕೈತಪ್ಪಿ 'ನದಿಯ ಬಳಿಿ' ಎಂದೋ 'ನದಿಯ ಬಳ' ಎಂದೋ ಆಯಿತೆನ್ನೋಣ. ಓದುವವರು ಅರೆಕ್ಷಣ ತಡೆದು, ಸುತ್ತಲಿನ ಮಾತುಗಳ ಬಲದಿಂದ ಸರಿಯಾದ ಪದವನ್ನು ತಾವೇ ಕೂಡಿಸಿಕೊಳ್ಳುತ್ತಾರೆ. ತಪ್ಪು ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಅದು ಅಪಾಯಕಾರಿಯಲ್ಲ. ಅದನ್ನೇ ತಂತ್ರಾಂಶ 'ನದಿಯ ಬಲಿ' ಎಂದು ತಿದ್ದಿದರೆ ಪದ ಶುದ್ಧ, ಕಾಗುಣಿತ ನಿರ್ದೋಷ, ಅರ್ಥ ಮಾತ್ರ ಎಲ್ಲಿಗೋ ಹೋಯಿತು. ಕೆಂಪು ಗೆರೆ ಬೀಳುವುದಿಲ್ಲ, ಕರಡು ನೋಡುವವರ ಕಣ್ಣು ಸರಿಯಾದ ಅಕ್ಷರಗಳ ಮೇಲೆ ಸಲೀಸಾಗಿ ಜಾರುತ್ತದೆ. ಓದುಗರಿಗೆ ಮೂಲ ಪದ ಏನಿದ್ದಿರಬಹುದು ಎಂಬುದಕ್ಕೆ ಯಾವ ಸುಳಿವೂ ಉಳಿದಿರುವುದಿಲ್ಲ. ಸ್ವಯಂಚಾಲಿತ ತಿದ್ದುಪಡಿ ತಪ್ಪುಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉಳಿದ ತಪ್ಪುಗಳ ಸ್ವಭಾವವನ್ನು ಅದು ಬದಲಿಸುತ್ತದೆ: ಯಾರು ಬೇಕಾದರೂ ಹಿಡಿಯಬಹುದಾದ ತಪ್ಪುಗಳನ್ನು ತೆಗೆದು, ಯಾರೂ ಹಿಡಿಯಲಾಗದ ತಪ್ಪುಗಳನ್ನು ಬಿಡುತ್ತದೆ.

ಇದರ ಅತ್ಯಂತ ಪ್ರಸಿದ್ಧ ನಿದರ್ಶನಕ್ಕೆ ಯುರೋಪಿನ ಅನುವಾದಕರು 'ಕ್ಯುಪರ್ಟಿನೊ ಪರಿಣಾಮ' ಎಂದು ಹೆಸರಿಟ್ಟರು. ಸಹಕಾರ ಎಂಬರ್ಥದ ಇಂಗ್ಲಿಷ್ ಪದ 'ಕೋಆಪರೇಷನ್' ಹಳೆಯ ಕೆಲವು ತಂತ್ರಾಂಶಗಳ ನಿಘಂಟಿನಲ್ಲಿ ನಡುವೆ ಅಡ್ಡಗೆರೆ ಇರುವ ರೂಪದಲ್ಲಿ ಮಾತ್ರ ಇತ್ತು. ಅಡ್ಡಗೆರೆ ಇಲ್ಲದೆ ಬರೆದಾಗ ಅದು ತಪ್ಪೆನಿಸಿಕೊಂಡು, ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ನಗರದ ಹೆಸರು ಮೊದಲ ಸಲಹೆಯಾಗಿ ಬರುತ್ತಿತ್ತು. ಸಲಹೆಯನ್ನು ಓದದೆ ಒಪ್ಪಿಕೊಂಡ ಫಲವಾಗಿ ವಿಶ್ವಸಂಸ್ಥೆ, ಐರೋಪ್ಯ ಒಕ್ಕೂಟ, ನೇಟೊದಂಥ ಸಂಸ್ಥೆಗಳ ಅಧಿಕೃತ ದಾಖಲೆಗಳಲ್ಲಿ ರಾಷ್ಟ್ರಗಳ ನಡುವಿನ ಸಹಕಾರದ ಜಾಗದಲ್ಲಿ ಆ ಊರಿನ ಹೆಸರು ಉಳಿದುಹೋಗಿದೆ. ಇಲ್ಲಿ ಗುಂಡಿ ಒತ್ತಿದ್ದು ಮನುಷ್ಯರೇ ಇರಬಹುದು. ಆದರೂ ಪದವೊಂದು ಸರಿಯಾದ ಕಾಗುಣಿತದ ವೇಷ ತೊಟ್ಟು ಬಂದರೆ ಅನುಭವಿ ಕಣ್ಣುಗಳನ್ನೂ ದಾಟಿ ಮುದ್ರಣಕ್ಕೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ನಿಘಂಟನ್ನು ದೊಡ್ಡದು ಮಾಡಿದರೆ ಈ ಸಮಸ್ಯೆ ತೀರುತ್ತದೆ ಎಂದು ಹಲವರು ಭಾವಿಸುತ್ತಾರೆ. ಗಣಕವಿಜ್ಞಾನಿ ಜೇಮ್ಸ್ ಪೀಟರ್ಸನ್ 1986ರಲ್ಲಿ ಮಾಡಿದ ಲೆಕ್ಕಾಚಾರ ಇದಕ್ಕೆ ತಣ್ಣೀರೆರಚಿತು. ಒಂದಕ್ಷರದ ಎಡವಟ್ಟು ಇನ್ನೊಂದು ನಿಜವಾದ ಪದವಾಗಿಬಿಡುವ, ಅಂದರೆ ಪತ್ತೆಯಾಗದೆ ಉಳಿಯುವ ಪ್ರಮಾಣ 50,000 ಪದಗಳ ಪಟ್ಟಿಯಲ್ಲಿ ಶೇ 10ರಷ್ಟಿದ್ದರೆ, 3,50,000 ಪದಗಳ ಪಟ್ಟಿಯಲ್ಲಿ ಶೇ 16ರ ಹತ್ತಿರಕ್ಕೆ ಏರುತ್ತದೆ ಎಂದು ಅವರು ಹೇಳಿದರು. ನಿಘಂಟಿಗೆ ಸೇರಿದ ಪ್ರತಿಯೊಂದು ಅಪರೂಪದ ಪದವೂ ಯಾವುದೋ ಸಾಮಾನ್ಯ ಪದದ ತಪ್ಪುರೂಪಕ್ಕೆ ಆಶ್ರಯ ಕೊಡುತ್ತದೆ. ಡ್ಯಾಮೆರೊ ಮತ್ತು ಎರಿಕ್ ಮೇಸ್ 1989ರಲ್ಲಿ ನಿಜವಾದ ಬರಹಗಳ ದೊಡ್ಡ ಸಂಗ್ರಹವನ್ನು ಪರೀಕ್ಷಿಸಿ ಇದಕ್ಕೆ ಉತ್ತರ ಕೊಟ್ಟರು. ಜನ ಅಪರೂಪದ ಪದಗಳನ್ನು ಬಳಸುವುದು ಬೇಕೆಂದೇ, ಆದ್ದರಿಂದ ದೊಡ್ಡ ಪಟ್ಟಿಯಿಂದ ಆಗುವ ಅನುಕೂಲ ಅನನುಕೂಲಕ್ಕಿಂತ ಬಹಳ ಹೆಚ್ಚು ಎಂಬುದು ಅವರ ವಾದ. ಸರಿಯಾದ ಪದಕ್ಕೆ ಸುಮ್ಮನೆ ಗೆರೆ ಎಳೆಯುವ ಕಾಟದ ಮಟ್ಟಿಗೆ ಈ ಉತ್ತರ ಒಪ್ಪತಕ್ಕದ್ದೇ. ಪದದ ನೆರೆಹೊರೆಯನ್ನು ನೋಡದೆ ಪದವನ್ನು ಮಾತ್ರ ನೋಡುವ ಯಾವ ಪಟ್ಟಿಯೂ, ಅದು ಎಷ್ಟೇ ದೊಡ್ಡದಿರಲಿ, 'ಬಳಿ'ಯನ್ನೂ 'ಬಲಿ'ಯನ್ನೂ ಬೇರ್ಪಡಿಸಲಾರದು ಎಂಬ ಮಾತು ಮಾತ್ರ ಹಾಗೆಯೇ ಉಳಿಯುತ್ತದೆ.

ಬದಲಾಯಿಸುವ ಅಧಿಕಾರ ಎಷ್ಟು ದೂರ ಹಾನಿ ಮಾಡಬಲ್ಲದು ಎಂಬುದನ್ನು ಕಾಣಬೇಕಾದರೆ ಪದಸಂಸ್ಕರಣದ ಪಕ್ಕದಲ್ಲೇ ಇರುವ ಸ್ಪ್ರೆಡ್‌ಶೀಟ್ ಕಡೆ ಕಣ್ಣು ಹಾಯಿಸಬೇಕು. ಮನುಷ್ಯರ ಕೆಲವು ವಂಶವಾಹಿಗಳಿಗೆ ಸೆಪ್ಟ್2, ಮಾರ್ಚ್1 ಎಂಬಂಥ ಸಂಕೇತನಾಮಗಳಿದ್ದವು. ಎಕ್ಸೆಲ್ ಅವುಗಳನ್ನು ಸೆಪ್ಟೆಂಬರ್ 2, ಮಾರ್ಚ್ 1 ಎಂಬ ದಿನಾಂಕಗಳೆಂದು ಓದಿ, ತೋರಿಕೆಯನ್ನಷ್ಟೇ ಅಲ್ಲ, ಕೋಶದೊಳಗಿನ ಮಾಹಿತಿಯನ್ನೇ ದಿನಾಂಕದ ಸಂಖ್ಯೆಯಾಗಿ ಬದಲಿಸಿಬಿಡುತ್ತಿತ್ತು. ಕೋಶದ ರೂಪವನ್ನು ಮತ್ತೆ ಪಠ್ಯಕ್ಕೆ ತಿರುಗಿಸಿದರೆ ಮೂಲ ಹೆಸರು ಮರಳುವುದಿಲ್ಲ, ಅರ್ಥವಿಲ್ಲದ ಒಂದು ಅಂಕಿ ಉಳಿಯುತ್ತದೆ. 2004ರಲ್ಲೇ ಸಂಶೋಧಕರು ಈ ಬಗ್ಗೆ ಎಚ್ಚರಿಸಿದ್ದರು. 2016ರಲ್ಲಿ ಪ್ರಕಟವಾದ ಪರಿಶೀಲನೆಯೊಂದು, ಎಕ್ಸೆಲ್ ರೂಪದಲ್ಲಿ ವಂಶವಾಹಿ ಪಟ್ಟಿಗಳನ್ನು ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸರಿಸುಮಾರು ಐದನೆಯ ಒಂದು ಭಾಗದಲ್ಲಿ ಇಂಥ ಕೆಟ್ಟುಹೋದ ಹೆಸರುಗಳಿರುವುದನ್ನು ತೋರಿಸಿತು. ಕೊನೆಗೆ 2020ರಲ್ಲಿ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಮಣಿದು, ಸೆಪ್ಟ್ ಎಂಬುದನ್ನು ಸೆಪ್ಟಿನ್ ಎಂದೂ, ಮಾರ್ಚ್ ಎಂಬುದನ್ನು ಮಾರ್ಚ್‌ಎಫ್ ಎಂದೂ ಬದಲಿಸಿತು. ಈ ಸ್ವಯಂ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ತಂತ್ರಾಂಶದ ಒಂದು ರೂಢಿಯನ್ನು ಬದಲಿಸುವುದಕ್ಕಿಂತ ಒಂದು ವಿಜ್ಞಾನದ ಪರಿಭಾಷೆಯನ್ನು ಬದಲಿಸುವುದು ಸುಲಭವಾಯಿತು ಎಂಬುದು ನನಗೆ ಕಳವಳದ ಸಂಗತಿಯಾಗಿಯೇ ಕಾಣುತ್ತದೆ.

ವರ್ಡ್‌ನೊಳಗೇ ಇಂಥ ಸಣ್ಣ ಸಣ್ಣ ಹಸ್ತಕ್ಷೇಪಗಳು ಬೇಕಾದಷ್ಟಿವೆ. ಇಂಗ್ಲಿಷಿನ 'ಸಿ' ಅಕ್ಷರವನ್ನು ಆವರಣದೊಳಗೆ ಬರೆದರೆ ಅದು ತಾನಾಗಿ ಹಕ್ಕುಸ್ವಾಮ್ಯದ ಚಿಹ್ನೆಯಾಗುತ್ತದೆ. ಕಾಯಿದೆಯೊಂದರ ಕಲಂ, ಅದರ ಉಪಕಲಂ ಎ, ಬಿ, ಸಿ ಎಂದು ಉಲ್ಲೇಖಿಸಿ ಬರೆಯುವ ವಕೀಲರಿಗೆ ಎ ಮತ್ತು ಬಿ ಸುಸೂತ್ರವಾಗಿ ಬಂದು, ಮೂರನೆಯದಕ್ಕೆ ಬಂದಾಗ ಪ್ರತಿಸಲವೂ ಈ ಅಡ್ಡಿ ಎದುರಾಗುತ್ತದೆ. ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗುವುದು, ಜೋಡಿ ಅಡ್ಡಗೆರೆ ಒಂದು ಉದ್ದ ಗೆರೆಯಾಗುವುದು ಕಥೆ, ಪ್ರಬಂಧಗಳಿಗೆ ಚೆಂದ. ಗಣಕಕ್ಕೆ ಕೊಡುವ ಆದೇಶವೊಂದನ್ನು ಅದೇ ಕಡತದಲ್ಲಿ ಬರೆದಿಟ್ಟು, ಅಲ್ಲಿಂದ ನಕಲಿಸಿ ಚಲಾಯಿಸಹೊರಟರೆ ಆದೇಶ ಕೆಲಸ ಮಾಡುವುದಿಲ್ಲ, ಕಾರಣ ಕಣ್ಣಿಗೆ ಕಾಣುವುದೂ ಇಲ್ಲ.

ತಂತ್ರಾಂಶದ ಮೇಲಿನ ಭರವಸೆ ಬರೆಯುವವರ ಎಚ್ಚರವನ್ನು ಹೇಗೆ ಸಡಿಲಿಸುತ್ತದೆ ಎಂಬ ಬಗ್ಗೆಯೂ ಅಧ್ಯಯನಗಳು ನಡೆದಿವೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡೆನ್ನಿಸ್ ಗಲೆಟ್ಟಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪುಗಳಿದ್ದ ಪತ್ರವೊಂದನ್ನು ವಿದ್ಯಾರ್ಥಿಗಳಿಗೆ ತಿದ್ದಲು ಕೊಡಲಾಗಿತ್ತು. ಭಾಷೆಯಲ್ಲಿ ಗಟ್ಟಿಗರಾದವರು ಕಾಗುಣಿತ ನೋಡುವ ತಂತ್ರಾಂಶ ಇಲ್ಲದಿದ್ದಾಗ ಚೆನ್ನಾಗಿ ತಿದ್ದಿದರು, ಅದು ಚಾಲೂ ಇದ್ದಾಗ ಅವರೇ ಹೆಚ್ಚು ತಪ್ಪುಗಳನ್ನು ಬಿಟ್ಟರು. ಗೆರೆ ಬಿದ್ದ ಕಡೆ ಸರಿಯಿದ್ದದ್ದನ್ನೂ ಬದಲಿಸಿದರು, ಗೆರೆ ಇಲ್ಲದ ಕಡೆ ತಪ್ಪನ್ನೂ ಹಾಗೆಯೇ ದಾಟಿಸಿದರು. ಗೆರೆ ಇಲ್ಲದಿರುವುದನ್ನು ನಾವು ಸರಿಯೆಂಬ ಪ್ರಮಾಣಪತ್ರವೆಂದು ಓದುತ್ತೇವೆ. ತಾನಾಗಿ ತಿದ್ದುವ ತಂತ್ರಾಂಶವಂತೂ ಗೆರೆಗಳನ್ನೇ ಇಲ್ಲವಾಗಿಸಿ ಪುಟವನ್ನು ಇನ್ನಷ್ಟು ನಿರ್ಮಲವಾಗಿ ತೋರಿಸುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಮುಖ್ಯವಾಗಿ ಇಂಗ್ಲಿಷಿನ ಕಥೆ. ಪದಕ್ಕೆ ಪ್ರತ್ಯಯಗಳನ್ನು ಪೋಣಿಸಿಕೊಂಡು ಹೋಗುವ ಭಾಷೆಗಳಲ್ಲಿ ನಿಘಂಟು ಎಂಬ ಕಲ್ಪನೆಯೇ ಬೇರೆ ರೂಪ ತಾಳಬೇಕಾಗುತ್ತದೆ. ಫಿನ್ನಿಶ್, ಟರ್ಕಿಶ್, ಹಂಗೇರಿಯನ್, ಕನ್ನಡ ಇವುಗಳಲ್ಲಿ ಪದಗಳ ಎಲ್ಲ ರೂಪಗಳನ್ನೂ ಪಟ್ಟಿ ಮಾಡಿ ಮುಗಿಸಲಾಗುವುದಿಲ್ಲ. 'ಮರ' ನಿಘಂಟಿನಲ್ಲಿದೆ, 'ಮರಗಳೊಳಗಿನಿಂದಲೇ' ಇರುವುದಿಲ್ಲ, ಇರಬೇಕೆಂದು ಬಯಸುವುದೂ ಸಲ್ಲದು. 'ಹೋಗಬೇಕಾಗಿದ್ದವರಿಗೂ' ಎಂಬುದು ಕನ್ನಡಿಗರ ಬಾಯಲ್ಲಿ ಸಲೀಸಾದ ಒಂದು ಪದ, ಪಟ್ಟಿಯನ್ನು ನಂಬಿದ ಯಂತ್ರಕ್ಕೆ ಅದು ಬರಿಯ ತಪ್ಪು. ಇದರ ಮೇಲೆ ಸಂಧಿ: ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಾಗ ಎರಡನೆಯ ಪದದ ಮೊದಲ ಅಕ್ಷರವೇ ಬದಲಾಗಿರುತ್ತದೆ. ಇದನ್ನು ನಿಭಾಯಿಸುವ ದಾರಿಯನ್ನು 1983ರಲ್ಲಿ ಫಿನ್ಲೆಂಡಿನ ಕಿಮ್ಮೊ ಕೊಸ್ಕೆನ್ನಿಯೆಮಿ ತೋರಿಸಿದರು. ಪದದ ಆಳದ ರೂಪವನ್ನೂ ಮೇಲ್ಮೈ ರೂಪವನ್ನೂ ನಿಯಮಗಳ ಮೂಲಕ ಜೋಡಿಸುವ ಅವರ ವಿಧಾನ, ಪಟ್ಟಿಯ ಬದಲು ವ್ಯಾಕರಣವನ್ನೇ ಯಂತ್ರಕ್ಕೆ ಕಲಿಸುತ್ತದೆ. ಹಂಗೇರಿಯ ಲಾಸ್ಲೊ ನೇಮೆತ್ ತಮ್ಮ ಭಾಷೆಗಾಗಿ ಕಟ್ಟಿದ 'ಹನ್‌ಸ್ಪೆಲ್' ಮೂಲಪದ ಮತ್ತು ಪ್ರತ್ಯಯ ನಿಯಮಗಳ ಎರಡು ಕಡತಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತದೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಮೂರರಲ್ಲೂ ಇರುವುದು ಅದೇ.

ಕನ್ನಡ ಲಿಪಿಯಲ್ಲಿ ಇನ್ನೂ ಒಂದು ಪದರವಿದೆ. 'ಸ್ತ್ರೀ' ಎಂಬುದು ಓದುವವರಿಗೆ ಒಂದೇ ಅಕ್ಷರ, ಗಣಕಗಳು ಅಕ್ಷರಗಳನ್ನು ಗುರುತಿಸಲು ಬಳಸುವ ಯುನಿಕೋಡ್ ವ್ಯವಸ್ಥೆಯಲ್ಲಿ ಆರು ಸಂಕೇತಗಳ ಸಾಲು. ಎಡವಟ್ಟಿನ ದೂರವನ್ನು ಸಂಕೇತಗಳಲ್ಲಿ ಅಳೆಯಬೇಕೋ ಅಕ್ಷರಗಳಲ್ಲಿ ಅಳೆಯಬೇಕೋ ಎಂಬುದರ ಮೇಲೆ ಸಲಹೆಗಳ ಗುಣಮಟ್ಟ ನಿಂತಿದೆ. 'ಕೊಡು' ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಉಕಾರದ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯ ಅಂಕಿ ಕೂತಿದ್ದರೂ ಕಣ್ಣಿಗೆ ಭೇದ ತಿಳಿಯುವುದಿಲ್ಲ, ಆದರೆ ಹುಡುಕಾಟದಲ್ಲಿ ಆ ಪದ ಸಿಗುವುದೂ ಇಲ್ಲ. ಕೇಳದೆ ತಿದ್ದುವುದು ಸರ್ವಥಾ ಸರಿ ಎನಿಸುವ ಕೆಲಸವಿದ್ದರೆ ಇಂಥದ್ದು: ಬರೆಯುವವರ ಆಶಯದ ಬಗ್ಗೆ ಇಲ್ಲಿ ಎರಡು ಅಭಿಪ್ರಾಯಕ್ಕೆ ಎಡೆಯೇ ಇಲ್ಲ. ತಂತ್ರಾಂಶ ಕಟ್ಟುವವರು ಈ ಕಡೆ ಗಮನ ಕೊಟ್ಟರೆ ಕನ್ನಡಕ್ಕೆ ತಕ್ಷಣದ ಉಪಕಾರವಾಗುತ್ತದೆ. ಬದಲಿಗೆ, ಅರೆಬೆಂದ ಪದಪಟ್ಟಿಯನ್ನು ಮುಂದಿಟ್ಟುಕೊಂಡು ಸರಿಯಾದ ಪದಗಳಿಗೆಲ್ಲ ಪುಟದ ತುಂಬ ಕೆಂಪು ಗೆರೆ ಎಳೆದರೆ, ಬರೆಯುವವರು ಆ ಸೌಲಭ್ಯವನ್ನೇ ಮುಚ್ಚಿಬಿಡುತ್ತಾರೆ.

ಹೆಸರುಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು. ನಿಘಂಟಿನಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ ಎಂಬುದು ಪಟ್ಟಿ ಕಟ್ಟಿದವರ ಪರಿಚಿತ ಜಗತ್ತನ್ನು ಅವಲಂಬಿಸಿದೆ. ಕೆಲವರ ಹೆಸರು ಗೆರೆಯಿಲ್ಲದೆ ದಾಟುತ್ತದೆ, ಇನ್ನು ಕೆಲವರದ್ದು ಪ್ರತಿ ಪತ್ರದಲ್ಲೂ ತಪ್ಪೆಂದು ಗುರುತಾಗುತ್ತದೆ, ಕೆಲವೊಮ್ಮೆ ಯಾವುದೋ ನಾಮಪದವಾಗಿ ಬದಲಾಗುತ್ತದೆ. ಬ್ರಿಟನ್ನಿನಲ್ಲಿ 2024ರಲ್ಲಿ ಇದರ ವಿರುದ್ಧ 'ನಾನು ಟೈಪಿಂಗ್ ದೋಷವಲ್ಲ' ಎಂಬ ಅರ್ಥದ ಅಭಿಯಾನವೇ ನಡೆಯಿತು. ವ್ಯಕ್ತಿಯ ಹೆಸರನ್ನು ಆ ವ್ಯಕ್ತಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಾರರು. ಹೆಸರಿರಬಹುದೆಂಬ ಅನುಮಾನ ಬಂದ ಕಡೆ ತಂತ್ರಾಂಶ ಕೈಕಟ್ಟಿ ಕೂರುವುದೇ ಮರ್ಯಾದೆ.

ಹಾಗಾದರೆ ತಾನಾಗಿ ತಿದ್ದುವುದು ಎಲ್ಲಿಯೂ ಬೇಡವೇ? ಮೊಬೈಲ್ ಫೋನಿನ ಅನುಭವ ಬೇರೆಯೇ ಹೇಳುತ್ತದೆ. ಗಾಜಿನ ಮೇಲೆ ಬೆರಳ ತುದಿಗಿಂತ ಕಿರಿದಾದ ಕೀಲಿಗಳಿರುವಾಗ ಗುರಿ ತಪ್ಪುವುದು ನಿಯಮ, ತಾಗುವುದು ಅಪವಾದ. 2007ರ ಮೊದಲ ಐಫೋನಿಗಾಗಿ ಕೆನ್ ಕೊಸಿಯೆಂಡ ರೂಪಿಸಿದ ಕೀಲಿಮಣೆ ಬಳಕೆಗೆ ಯೋಗ್ಯವಾದದ್ದೇ ಸ್ವಯಂ ತಿದ್ದುಪಡಿಯ ಬಲದಿಂದ. ಅಲ್ಲಿ ತಂತ್ರಾಂಶಕ್ಕೆ ಹೆಚ್ಚಿನ ಸುಳಿವೂ ಇದೆ: ಬೆರಳು ಯಾವ ಬಿಂದುವಿನಲ್ಲಿ ತಾಗಿತು, ಪಕ್ಕದ ಕೀಲಿಯಿಂದ ಎಷ್ಟು ದೂರದಲ್ಲಿತ್ತು ಎಂಬುದೆಲ್ಲ ಅದಕ್ಕೆ ಗೊತ್ತು. ಅಪಾಯ ಅಲ್ಲೂ ಇಲ್ಲವೆಂದಲ್ಲ. 2017ರ ನವೆಂಬರಿನಲ್ಲಿ ಐಫೋನಿನ ಒಂದು ಆವೃತ್ತಿ ಇಂಗ್ಲಿಷಿನ 'ಐ' ಅಕ್ಷರವನ್ನು 'ಎ' ಮತ್ತು ಒಂದು ಚಿಹ್ನೆಯಾಗಿ ಬದಲಿಸತೊಡಗಿ, ಸರಿಪಡಿಸುವ ಆವೃತ್ತಿ ಬರುವ ತನಕ 'ನಾನು' ಎಂದು ಬರೆಯುವುದೇ ಲಕ್ಷಾಂತರ ಜನರಿಗೆ ಕಷ್ಟವಾಗಿತ್ತು. 2023ರ ಆವೃತ್ತಿಯಲ್ಲಿ ಆ್ಯಪಲ್ ತಂದ ಒಂದು ಬದಲಾವಣೆ ನನಗೆ ಬಹಳ ಸರಿಯೆನಿಸುತ್ತದೆ. ತಾನಾಗಿ ತಿದ್ದಿದ ಪದದಡಿ ಸ್ವಲ್ಪ ಹೊತ್ತು ಗೆರೆ ಉಳಿಯುತ್ತದೆ. ಅದನ್ನು ಮುಟ್ಟಿದರೆ ನಾವು ಮೊದಲು ಬರೆದದ್ದು ಮರಳುತ್ತದೆ. ತಿದ್ದಿದ್ದೇನೆ ಎಂದು ಹೇಳಿ ತಿದ್ದುವುದು ಸಾಧ್ಯ ಎಂಬುದನ್ನು ಈ ಸಣ್ಣ ಗೆರೆ ಸಾಬೀತು ಮಾಡಿದೆ.

ಅದೇ ಆವೃತ್ತಿಯ ತಿದ್ದುಪಡಿ ಹೊಸ ಬಗೆಯ ಭಾಷಾ ಮಾದರಿಯ ಮೇಲೆ ನಿಂತಿದೆ. ಇಂಥ ಮಾದರಿಗಳು ಪದವನ್ನು ಒಂಟಿಯಾಗಿ ನೋಡದೆ ಇಡೀ ವಾಕ್ಯವನ್ನು ನೋಡುವುದರಿಂದ ನಟಿ ಮತ್ತು ಎಕರೆಗಳ ನಡುವಿನ ಆಯ್ಕೆಯಲ್ಲಿ ಹಿಂದಿನವುಗಳಿಗಿಂತ ಎಷ್ಟೋ ಮೇಲು. 'ನದಿಯ ಬಲಿ' ಅನುಮಾನಾಸ್ಪದ ಎಂದು ಅವು ಹಿಡಿಯಬಲ್ಲವು. ಆದರೆ ಅವುಗಳ ತಪ್ಪು ಸಹ ಸಂದರ್ಭಕ್ಕೆ ಒಪ್ಪುವಂಥ ತಪ್ಪು. ಹಳೆಯ ತಂತ್ರಾಂಶ ಸಹಕಾರದ ಜಾಗದಲ್ಲಿ ಊರಿನ ಹೆಸರು ಇಟ್ಟರೆ ಎಚ್ಚರವುಳ್ಳ ಓದುಗರಿಗಾದರೂ ಅಸಂಗತ ಎನಿಸುತ್ತಿತ್ತು. ವಾಕ್ಯಕ್ಕೆ ಸರಾಗವಾಗಿ ಹೊಂದುವ, ಬರೆದವರು ಹೇಳದ ಪದವನ್ನು ಹೊಸ ಮಾದರಿ ಇಟ್ಟರೆ ಆ ಅಸಂಗತಿಯ ಸುಳಿವೂ ಹೋಗುತ್ತದೆ. ಸಾಮಾನ್ಯವಾಗಿ ಜನ ಏನು ಬರೆಯುತ್ತಾರೋ ಅದರ ಕಡೆಗೆ ಎಳೆಯುವುದೇ ಸಂಭವನೀಯತೆಯ ಸ್ವಭಾವ. ಅಸಾಮಾನ್ಯವಾದದ್ದನ್ನು ಬೇಕೆಂದೇ ಬರೆದವರು, ಪ್ರಾದೇಶಿಕ ನುಡಿಯಲ್ಲಿ ಬರೆದವರು, ಹೊಸ ಪದ ಕಟ್ಟಿದವರು ಪ್ರತಿಸಲವೂ ಆ ಎಳೆತದ ವಿರುದ್ಧ ಕೈಹಿಡಿದು ನಿಲ್ಲಬೇಕಾಗುತ್ತದೆ. ಇದರ ಜೊತೆಗೆ ಗೋಪ್ಯತೆಯ ಪ್ರಶ್ನೆಯೂ ಇದೆ. ತಿದ್ದುವ ಯಂತ್ರ ದೂರದ ಸರ್ವರ್‌ನಲ್ಲಿದ್ದರೆ ಬರೆದದ್ದೆಲ್ಲ ಅಲ್ಲಿಗೆ ಹೋಗಬೇಕು. ಕ್ರೋಮ್ ಮತ್ತು ಎಡ್ಜ್ ಬ್ರೌಸರ್‌ಗಳ ಸುಧಾರಿತ ಕಾಗುಣಿತ ಸೌಲಭ್ಯವನ್ನು ಚಾಲೂ ಮಾಡಿದ್ದವರು 'ಪಾಸ್‌ವರ್ಡ್ ತೋರಿಸು' ಎಂದು ಒತ್ತಿದಾಗ ಆ ಪಾಸ್‌ವರ್ಡ್ ಕೂಡ ಕಂಪನಿಯ ಸರ್ವರ್ ತಲುಪಬಹುದೆಂದು 2022ರಲ್ಲಿ ಭದ್ರತಾ ಸಂಶೋಧಕರು ತೋರಿಸಿದ್ದರು.

ಬಳಕೆದಾರರು ತಕ್ಷಣ ಮಾಡಬಹುದಾದದ್ದು ಇಷ್ಟು. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್ ಎಂಬ ದಾರಿಯಲ್ಲಿ ಹೋದರೆ ಆಟೋಕರೆಕ್ಟ್ ಪಟ್ಟಿ ತೆರೆಯುತ್ತದೆ. ತಮ್ಮ ಕೆಲಸಕ್ಕೆ ಅಡ್ಡಿಯಾಗುವ ಸಾಲುಗಳನ್ನು ಅಲ್ಲಿ ಅಳಿಸಬಹುದು, ವಿನಾಯಿತಿಗಳನ್ನು ಸೇರಿಸಬಹುದು, ಅಥವಾ 'ಬರೆಯುತ್ತಿದ್ದಂತೆ ಬದಲಾಯಿಸು' ಎಂಬುದರ ಗುರುತನ್ನೇ ತೆಗೆದು ಕೆಂಪು ಗೆರೆಯನ್ನು ಮಾತ್ರ ಇಟ್ಟುಕೊಳ್ಳಬಹುದು. ತಿದ್ದುಪಡಿ ಆದ ಕೂಡಲೇ ಕಂಟ್ರೋಲ್ ಮತ್ತು ಜೆಡ್ ಕೀಲಿಗಳನ್ನು ಒತ್ತಿದರೆ ಆ ಬದಲಾವಣೆ ಮಾತ್ರ ಹಿಂದೆ ಸರಿದು ನಾವು ಬರೆದದ್ದು ಉಳಿಯುತ್ತದೆ. ಹೆಸರು, ಔಷಧ, ಕಾಯಿದೆಯ ಕಲಂ, ಸಂಕೇತಸಂಖ್ಯೆಗಳಿರುವ ದಾಖಲೆಗಳನ್ನು ಸಿದ್ಧಪಡಿಸುವ ಕಚೇರಿಗಳು ಇದನ್ನು ವ್ಯಕ್ತಿಗಳ ಇಷ್ಟಕ್ಕೆ ಬಿಡದೆ ಎಲ್ಲ ಗಣಕಗಳಿಗೂ ಅನ್ವಯಿಸುವ ನಿಯಮ ಮಾಡಿಕೊಳ್ಳುವುದು ಒಳ್ಳೆಯದು.

ತಂತ್ರಾಂಶ ತಯಾರಕರಿಂದ ಕೇಳಬೇಕಾದದ್ದು ಇದಕ್ಕಿಂತ ಹೆಚ್ಚಿನದು. ಕರಡು ತಿದ್ದುವ ಮನುಷ್ಯರು ಹಾಳೆಯ ಅಂಚಿನಲ್ಲಿ ಗುರುತು ಹಾಕುತ್ತಾರೆ. ಏನಿತ್ತು, ಏನಾಯಿತು ಎಂಬುದು ಲೇಖಕರಿಗೂ ಸಂಪಾದಕರಿಗೂ ಕಾಣುತ್ತದೆ. ಅದೇ ಕೆಲಸಕ್ಕೆಂದು ವರ್ಡ್‌ನಲ್ಲಿ 'ಟ್ರ್ಯಾಕ್ ಚೇಂಜಸ್' ಇದೆ. ಆದರೆ ಅದನ್ನು ಚಾಲೂ ಮಾಡಿ ಹೊಸ ಪಠ್ಯ ಬರೆಯುತ್ತಿರುವಾಗ ಆಟೋಕರೆಕ್ಟ್ ಒಂದು ಪದವನ್ನು ಬದಲಿಸಿದರೆ, ಬದಲಾದ ಪದವೇ ಲೇಖಕರು ಬರೆದ ಪದವೆಂದು ದಾಖಲಾಗುತ್ತದೆ. ಮನುಷ್ಯರು ಮಾಡಿದ ಒಂದು ಅಲ್ಪವಿರಾಮದ ಬದಲಾವಣೆಗೂ ಹೆಸರು, ಸಮಯ ಸಮೇತ ಲೆಕ್ಕವಿಡುವ ವ್ಯವಸ್ಥೆಯಲ್ಲಿ ಯಂತ್ರ ಮಾಡಿದ ಬದಲಾವಣೆಗೆ ಲೆಕ್ಕವೇ ಇಲ್ಲ. ಈ ದಾಖಲೆ ಇಡುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ: ಬದಲಾಯಿಸುವ ಆ ಗಳಿಗೆಯಲ್ಲಿ ಹಳೆಯ ಪದವೂ ಹೊಸ ಪದವೂ ತಂತ್ರಾಂಶದ ಕೈಯಲ್ಲೇ ಇರುತ್ತವೆ. ಎರಡನ್ನೂ ಕಡತದಲ್ಲಿ ಉಳಿಸಿ, ಬದಲಿಸಿದ್ದು ಯಂತ್ರ ಎಂದು ನಮೂದಿಸಿ, ಕರಡು ನೋಡುವವರು ಬಯಸಿದಾಗ ಅಂಥ ಪದಗಳನ್ನಷ್ಟೇ ಆರಿಸಿ ತೋರಿಸುವ ಒಂದು ಆಯ್ಕೆ ಸಾಕು.